ಒಂದು ಲೋಟದ ವಿಷಯ

ಮಾಸ್ಕಿನೊಳಗೆ ತನ್ನ ಉಸಿರೇ ತಿರುಗಿ ಬಂದು ಮೂಗಿಗೆ ಬಡಿದಾಗ ನೀರಜಾಳಿಗೆ ಹೇಸಿಗೆಯಾಯಿತು. ಹಲ್ಲುಜ್ಜಿ, ನಾಲಿಗೆ ಕೆರೆದು, ಹೊರಡುವ ಮುಂಚೆ ಎರಡು ಏಲಕ್ಕಿಯನ್ನೂ ಅಗಿದಿದ್ದಳು. ಆದರೂ ಹಳಸಿದ ಸಾರಿನಂಥ ಒಂದು ವಾಸನೆ ಬಾಯೊಳಗೆ ಎಲ್ಲೋ ಕೂತುಬಿಟ್ಟಿತ್ತು. ಓಜಿಮಾದಲ್ಲಿ ಹತ್ತಿದ ಸುರಂಗದ ರೈಲಿನ ಕಿಟಕಿಗಳನ್ನು ಸೋಂಕಿನ ಭಯಕ್ಕೆ ನಾಲ್ಕು ಬೆರಳಿನಷ್ಟು ತೆರೆದಿಟ್ಟಿದ್ದರು. ಒಳಗೆ ನುಗ್ಗುತ್ತಿದ್ದ ಸದ್ದಿನಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ, ಆಡುವ ಮನಸ್ಸೂ ಯಾರಿಗೂ ಇದ್ದಂತಿರಲಿಲ್ಲ. ಎದುರಿನ ಮುದುಕಿ ಪಕ್ಕದ ಖಾಲಿ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು, ನೀರಜಾಳ ಕಣ್ಣು ಅತ್ತ ಹೋದೊಡನೆ ಅದನ್ನು ಇನ್ನೂ ಅಗಲಕ್ಕೆ ಸರಿಸಿದಳು. ಬೇರೆ ದಿನವಾಗಿದ್ದರೆ ಮುಖ ಕೆಂಪಾಗುತ್ತಿತ್ತು. ಇವತ್ತು ಮಾತ್ರ, ಸರಿಯಾಗೇ ಮಾಡಿದೆ ಕಣಮ್ಮ, ನನ್ನ ಹತ್ತಿರ ಯಾರೂ ಕೂರದಿರುವುದೇ ಒಳ್ಳೆಯದು ಎನ್ನಿಸಿತು. ತೊಡೆಯ ಮೇಲಿನ ಚೀಲದಲ್ಲಿ ನಿಘಂಟು, ಸಹಿಯ ಬದಲು ಒತ್ತುವ ಹೆಸರಿನ ಮೊಹರು, ನೀರಿನ ಬಾಟಲಿ, ಕೋರ್ಟಿನಿಂದ ಬಂದ ಪತ್ರ ಇದ್ದವು. ಚಂದ್ರಕಾಂತನ ಮೇಲ್ಮನವಿಯ ತೀರ್ಪು ಹತ್ತೂವರೆಗೆ ಎಂದು ಆ ಪತ್ರ ಹೇಳುತ್ತಿತ್ತು.

ಕೋರ್ಟಿನ ಅನುವಾದಕರ ಪಟ್ಟಿಯಲ್ಲಿ ಕನ್ನಡಕ್ಕೆಂದು ಇದ್ದದ್ದು ಅವಳೊಬ್ಬಳ ಹೆಸರು. ಹತ್ತು ವರ್ಷದ ಹಿಂದೆ ಗಂಡನ ಕಂಪನಿಯ ಹಿಂದೆ ಬಂದವಳು, ಮಗು ಶಾಲೆಗೆ ಹೋದ ಮೇಲೆ ಹೊತ್ತು ಹೋಗದೆ ಜಪಾನೀಸ್ ಕಲಿತಳು. ಕಲಿತದ್ದು ಹೆಚ್ಚಾಗಿ, ಮೇಲಿನ ಪರೀಕ್ಷೆಯನ್ನೂ ಪಾಸು ಮಾಡಿದಳು. ಓಜಿಮಾದ ಕನ್ನಡದ ಹೆಂಗಸರ ನಡುವೆ ಅವಳಿಗೊಂದು ಮರ್ಯಾದೆ ಬಂತು. ಯಾರಿಗೆ ಜ್ವರ ಬಂದರೂ ಆಸ್ಪತ್ರೆಗೆ ನೀರಜಾ, ಯಾರ ಮಗುವಿಗೆ ಶಾಲೆ ಬೇಕಾದರೂ ವಾರ್ಡ್ ಆಫೀಸಿಗೆ ನೀರಜಾ. ಕೋರ್ಟು ಕರೆದಾಗ ಅವಳು ಹೊಸ ಕಪ್ಪು ಕೋಟು ಹೊಲಿಸಿಕೊಂಡಿದ್ದಳು. ಕಳೆದ ಅಕ್ಟೋಬರಿನಲ್ಲಿ, ಕೆಳಗಿನ ಕೋರ್ಟಿನಲ್ಲಿ, ಅದೇ ಕೋಟು ತೊಟ್ಟು, ಆತ್ಮಸಾಕ್ಷಿಗೆ ಅನುಸಾರವಾಗಿ ನಿಷ್ಠೆಯಿಂದ ಅನುವಾದ ಮಾಡುತ್ತೇನೆಂದು ಎದ್ದು ನಿಂತು ಓದಿ, ಕಾಗದಕ್ಕೆ ಮೊಹರು ಒತ್ತಿದ್ದಳು. ಮೊಹರು ಸ್ವಲ್ಪ ಓರೆಯಾಗಿ ಬಿದ್ದದ್ದು ಅವತ್ತು ಇಡೀ ದಿನ ಅವಳ ಮನಸ್ಸನ್ನು ಕೊರೆದಿತ್ತು. ಕೊರೆಯಲು ಬೇರೆ ವಿಷಯ ಆ ಸಂಜೆಯ ಹೊತ್ತಿಗೇ ತಯಾರಾಗಲಿದೆ ಎಂದು ಬೆಳಗ್ಗೆ ಗೊತ್ತಿರಲಿಲ್ಲ.

ರೈಲು ಬದಲಿಸುವಲ್ಲಿ ಮೆಟ್ಟಿಲಿನ ಬುಡದಲ್ಲಿದ್ದ ಬಾಟಲಿಯಿಂದ ಸ್ಯಾನಿಟೈಸರ್ ಹಿಂಡಿಕೊಂಡಳು. ಅದು ಅಂಗೈಯಲ್ಲಿ ಯಾರದೋ ಎಂಜಲಿನ ಹಾಗೆ ಲೋಳೆಯಾಗಿತ್ತು. ಉಜ್ಜಿದಳು. ಇನ್ನೊಂದು ಸಲ ಹಿಂಡಿ, ಮುಂಗೈಯವರೆಗೂ ಉಜ್ಜಿದಳು. ಈ ಒಂದು ವರ್ಷದಲ್ಲಿ ಜಗತ್ತಿಗೆಲ್ಲ ಮಡಿ ಬಂದುಬಿಟ್ಟಿತ್ತಲ್ಲ. ಮುಟ್ಟಬೇಡ, ದೂರ ನಿಲ್ಲು, ನಿನ್ನ ಲೋಟ ನಿನಗೆ, ನನ್ನದು ನನಗೆ. ಅವಳ ಅಜ್ಜಿ ಬದುಕಿದ್ದರೆ, ನೋಡಿದಿರಾ, ನಾವು ಮೊದಲೇ ಹೇಳಿರಲಿಲ್ಲವೇ ಎಂದು ಕಾಲು ಚಾಚಿ ಕೂತು ಬೀಗುತ್ತಿದ್ದಳು. ಹೋಟೆಲಿನ ಮಾಲಿಕ ಬಾಲಸುಬ್ರಹ್ಮಣ್ಯ ಬೀಗಿದ್ದೂ ಹಾಗೆಯೇ. ಕೆಳಗಿನ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ, ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಹದಿನೆಂಟು ವರ್ಷ ಹೋಟೆಲು ನಡೆಸಿ ಸವೆದ ನಯವಾದ ಜಪಾನೀಸಿನಲ್ಲಿ ಅವನು ಹೇಳಿದ್ದ: ಏಪ್ರಿಲ್ ತಿಂಗಳು, ತುರ್ತುಸ್ಥಿತಿ ಘೋಷಣೆಯಾಗಿತ್ತು, ನನ್ನ ಕೆಲಸಗಾರ ಚಂದ್ರಕಾಂತನಿಗೆ ಎರಡು ದಿನದಿಂದ ಕೆಮ್ಮು, ಆತ ಕುಡಿದ ಲೋಟವನ್ನು ಇಕ್ಕಳದಲ್ಲಿ ಹಿಡಿದು ಕಸಕ್ಕೆ ಹಾಕಿದೆ, ಮನೆಯಲ್ಲಿ ಹೆಂಡತಿ ಮಗು ಇದ್ದಾರೆ, ಅಷ್ಟಕ್ಕೇ ಕಬ್ಬಿಣದ ಸಟ್ಟುಗದಲ್ಲಿ ಮುಖಕ್ಕೆ ಹೊಡೆದ. ನ್ಯಾಯಾಧೀಶ ತಲೆದೂಗಿದ್ದ. ಆ ಕೋಣೆಯಲ್ಲಿ ಮಾಸ್ಕು ಕಟ್ಟಿಕೊಂಡು, ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಕೂತಿದ್ದವರಿಗೆಲ್ಲ ಇಕ್ಕಳವೂ ಕಸದ ಬುಟ್ಟಿಯೂ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಆ ಸುಳ್ಳನ್ನು ನೀರಜಾ ಚಂದ್ರಕಾಂತನ ಕಿವಿಯಲ್ಲಿ ಕನ್ನಡದಲ್ಲಿ ಒಂದು ಪದವೂ ಬಿಡದೆ ಹೇಳಿದ್ದಳು. ಸುಳ್ಳು ಹೇಳಲು ಅವಳಿಗೆ ಯಾವ ತೊಂದರೆಯೂ ಆಗಿರಲಿಲ್ಲ.

ತೊಂದರೆಯಾದದ್ದು ಚಂದ್ರಕಾಂತನ ಸರದಿ ಬಂದಾಗ. ಯಾಕೆ ಹೊಡೆದಿರಿ ಎಂದು ಅವನ ಅಂದಿನ ವಕೀಲ ಕೇಳಿದ. ತಿಪಟೂರಿನ ಕಡೆಯ ಮೂವತ್ತನಾಲ್ಕು ವರ್ಷದ ಆ ಮನುಷ್ಯ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಮತ್ತೆ ಏರಿಸಿ, ನೆಲ ನೋಡಿಕೊಂಡು ಹೇಳುತ್ತಾ ಹೋದ. ತಂದೂರಿ ಮಾಡುವ ಅಡುಗೆಯವನೆಂದು ಬಂದದ್ದು, ಒಂದು ದಿನ ಊರಿನಿಂದ ಯಾರೋ ಬಾಲಸುಬ್ರಹ್ಮಣ್ಯನಿಗೆ ಫೋನು ಮಾಡಿ ತನ್ನ ಜಾತಿ ಹೇಳಿದ್ದು, ಅವತ್ತಿನಿಂದ ತನ್ನನ್ನು ಒಲೆಯ ಹತ್ತಿರ ಬಿಡದೆ ಪಾತ್ರೆಗೂ ಪಾಯಖಾನೆಗೂ ಹಾಕಿದ್ದು. ಎಂಟು ತಿಂಗಳು ಪಾಯಖಾನೆಯ ಬಾಗಿಲ ಪಕ್ಕ ಕೂರಿಸಿ, ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಊಟದ ಕಪ್ಪು ಪ್ಲಾಸ್ಟಿಕ್ ತಟ್ಟೆಯನ್ನೇ ತೊಳೆದು ತೊಳೆದು ಅದರಲ್ಲೇ ಅನ್ನ ಹಾಕಿದ್ದು. ಹೆಸರು ಹಿಡಿದು ಕರೆಯದೆ ಜಾತಿ ಹಿಡಿದು ಕರೆದದ್ದು. ಅವತ್ತು ಬಾಯಾರಿಕೆಗೆ ಕೈಗೆ ಸಿಕ್ಕಿದ ಸ್ಟೀಲಿನ ಲೋಟದಲ್ಲಿ ನೀರು ಕುಡಿದದ್ದು. ತನಗೆ ಕೆಮ್ಮು ಇರಲೇ ಇಲ್ಲ ಎಂದ. ಲೋಟ ಕಸಕ್ಕೆ ಹಾಕಿ, ಬಾಲಸುಬ್ರಹ್ಮಣ್ಯ ತನ್ನ ತಾಯಿಯ ಬಗ್ಗೆ ಒಂದು ಮಾತು ಆಡಿದ ಎಂದೂ ಹೇಳಿದ. ನಾಲ್ಕೈದು ನಿಮಿಷ ಮಾತಾಡಿದ. ಕೊನೆಗೆ ಮೂಗು ಸೋರಿ ಮಾಸ್ಕು ಒದ್ದೆಯಾಯಿತು.

ಎಲ್ಲರೂ ನೀರಜಾಳ ಕಡೆ ತಿರುಗಿದರು. ಅವಳ ಎದುರಿನ ಕಾಗದದ ಮೇಲೆ ಅವಳೇ ಗೀಚಿಕೊಂಡ ಗುರುತುಗಳಿದ್ದವು, ಒಂದೂ ತಪ್ಪಿರಲಿಲ್ಲ. ಎರಡು ಗಜ ದೂರದಲ್ಲಿ ಬಾಲಸುಬ್ರಹ್ಮಣ್ಯನ ಒಂದೇ ಕಣ್ಣು ಅವಳ ಮೇಲಿತ್ತು. ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಅನಸೂಯಾ, ನೀರಜಾಳ ಮಗಳು ಕೃತಿಗೆ ಪ್ರತಿ ಶನಿವಾರ ದೇವರನಾಮ ಹೇಳಿಕೊಡುವವಳು. ಪ್ರೇಕ್ಷಕರಲ್ಲಿ ಕಾನೂನು ಓದುವ ಇಬ್ಬರು ಜಪಾನಿ ಹುಡುಗಿಯರು ಪುಸ್ತಕ ತೆರೆದು, ಪೆನ್ನು ಹಿಡಿದು, ಇಂಡಿಯಾದ ಬಗ್ಗೆ ಏನೋ ಬರೆದುಕೊಳ್ಳಲು ಕಾದಿದ್ದರು. ಪಾಯಖಾನೆ, ಜಾತಿ, ಎಂಜಲು ಎನ್ನುವ ಈ ಹೊಲಸನ್ನೆಲ್ಲ ತಾನು ಅಷ್ಟು ಕಷ್ಟಪಟ್ಟು ಕಲಿತ ಆ ಶುಭ್ರವಾದ ಭಾಷೆಯಲ್ಲಿ, ಆ ಕಪ್ಪು ಕೋಟಿನಲ್ಲಿ ಹೇಳಬೇಕೇ? ಆಮೇಲೆ ಅವರು ತನ್ನನ್ನು ನೋಡುವ ಬಗೆ ಹೇಗಿರುತ್ತದೆ? ನ್ಯಾಯಾಧೀಶ ಗಡಿಯಾರ ನೋಡಿದ. ನೀರಜಾ ಬಾಯಿ ತೆರೆದಳು. ಕೆಲಸದ ಜಾಗದಲ್ಲಿ ನನ್ನನ್ನು ಸರಿಯಾಗಿ ನಡೆಸಿಕೊಳ್ಳುತ್ತಿರಲಿಲ್ಲ, ಲೋಟದ ವಿಷಯಕ್ಕೆ ಸಿಟ್ಟು ಬಂತು. ಅಷ್ಟೇ ಹೇಳಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸರಕಾರಿ ವಕೀಲ ಎದ್ದು, ಒಂದು ಲೋಟದ ವಿಷಯಕ್ಕೆ ಮನುಷ್ಯನ ಕಣ್ಣು ತೆಗೆಯುತ್ತೀರಾ ಎಂದು ಕೇಳಿದ. ಆ ಪ್ರಶ್ನೆಯನ್ನು ಅವಳು ಪೂರ್ತಿಯಾಗಿ, ಅವನ ದನಿಯ ವ್ಯಂಗ್ಯವನ್ನೂ ಸೇರಿಸಿ, ಕನ್ನಡಕ್ಕೆ ತಂದಳು. ಚಂದ್ರಕಾಂತ ಅವಳನ್ನೇ ನೋಡಿದ.

ಮೂರು ವರ್ಷ ಜೈಲು ಎಂದು ತೀರ್ಪಾಯಿತು. ಕ್ಷುಲ್ಲಕ ಕಾರಣ, ತನ್ನ ಕೃತ್ಯದ ಬಗ್ಗೆ ಸಮರ್ಪಕ ವಿವರಣೆಯಿಲ್ಲ ಎಂದು ಬರೆದಿದ್ದರು. ಹದಿನಾಲ್ಕು ದಿನದೊಳಗೆ ಮೇಲ್ಮನವಿ ಹೋಯಿತು, ಮೇಲಿನ ಕೋರ್ಟು ಕಿತಾಮುರಾ ಎಂಬ ಹೊಸ ವಕೀಲರನ್ನು ಕೊಟ್ಟಿತು, ಮತ್ತು ಕನ್ನಡಕ್ಕೆ ಬೇರೆ ಯಾರೂ ಇಲ್ಲವಾದ್ದರಿಂದ ಮತ್ತೆ ನೀರಜಾಳಿಗೇ ಪತ್ರ ಬಂತು. ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಯಾಕೆ ಎಂದು ಕೇಳುತ್ತಾರೆ ಎನ್ನಿಸಿ ಹೂಂ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಸ್ಥಿತಿ ಅವಳದು. ಮೇಲಿನ ಕೋರ್ಟು ಎಂದರೆ ಎಲ್ಲವನ್ನೂ ಇನ್ನೊಂದು ಸಲ ಮೊದಲಿನಿಂದ ಕೇಳುತ್ತದೆ, ಆಗ ಸರಿ ಮಾಡಿಕೊಂಡರಾಯಿತು ಎಂದೂ ಒಳಗೆ ಲೆಕ್ಕ ಹಾಕಿದ್ದಳು. ಹಾಗಲ್ಲ ಎಂದು ಹೇಳಿದವರು ಕಿತಾಮುರಾ-ಸಾನ್. ಚಂದ್ರಕಾಂತನನ್ನು ಇಟ್ಟಿದ್ದ ಕೊಸುಗೆಯ ಬಂದೀಖಾನೆಗೆ ಹೋಗುವ ದಾರಿಯಲ್ಲಿ, ಜನವರಿಯ ಗಾಳಿಗೆ ಕನ್ನಡಕ ಮಂಜಾಗಿ, ಅವರು ವಿವರಿಸಿದರು. ಮೇಲಿನವರು ಕೇಳುವುದಿಲ್ಲ, ಓದುತ್ತಾರೆ. ಕೆಳಗಿನ ಕೋರ್ಟಿನ ಕಡತದಲ್ಲಿ ಏನಿದೆಯೋ ಅದೇ ನಡೆದದ್ದು. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ. ಹೊಸ ವಿಷಯ ಮೇಲೆ ತರಬೇಕಾದರೆ, ಅದನ್ನು ಕೆಳಗೆ ಹೇಳಲಾಗದೆ ಹೋದದ್ದಕ್ಕೆ ತಪ್ಪಿಸಲಾಗದ ಒಂದು ಕಾರಣ ತೋರಿಸಬೇಕು. ಸಂಕೋಚವಾಯಿತು, ಮರೆತೆ ಎನ್ನುವುದೆಲ್ಲ ಕಾರಣವಲ್ಲ. ನೀರಜಾ ಹೌದೌದು ಎಂದು ತಲೆಯಾಡಿಸುತ್ತಾ ನಡೆದಳು. ಕಡತ ಪೂರ್ತಿ ಜಪಾನೀಸಿನಲ್ಲಿದೆ, ಚಂದ್ರಕಾಂತನ ಕನ್ನಡ ಅದರಲ್ಲಿ ಎಲ್ಲೂ ಇಲ್ಲ, ಅದರಲ್ಲಿರುವ ಅವನ ಒಂದೊಂದು ಮಾತೂ ತನ್ನ ಬಾಯಿಂದ ಬಿದ್ದದ್ದು ಎನ್ನುವುದು ಆಗ, ದಾರಿಬದಿಯ ಚಹಾ ಮಾರುವ ಯಂತ್ರದ ಪಕ್ಕ ನಿಂತಾಗ, ಅವಳಿಗೆ ಮೊದಲ ಸಲ ಹೊಳೆಯಿತು.

ಕೋರ್ಟಿಗೆ ಹತ್ತಿರದ ಕಸುಮಿಗಸೆಕಿಯಲ್ಲಿ ಇಳಿದು ಹೊರಗೆ ಬಂದಳು. ಕೆಳಗಿನ ಕೋರ್ಟೂ ಮೇಲಿನ ಕೋರ್ಟೂ ಒಂದೇ ಕಟ್ಟಡದಲ್ಲಿ; ಮೇಲ್ಮನವಿ ಎಂದರೆ ಲಿಫ್ಟಿನಲ್ಲಿ ಬೇರೆ ಗುಂಡಿ ಒತ್ತುವುದು ಅಷ್ಟೇ. ಬೆಳಗ್ಗೆ ಗಂಡ ದಿನೇಶ ಅಡುಗೆಮನೆಯ ಮೂಲೆಯಲ್ಲಿ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಬರ್ಮುಡಾ ಹಾಕಿಕೊಂಡು ಮೀಟಿಂಗಿಗೆ ಕೂತಿದ್ದ. ಯಾರ ಬಳಿಯೂ ಹೇಳಬಾರದ ಕೋರ್ಟಿನ ವಿಷಯವನ್ನು ಅವಳು ಅವನ ಹತ್ತಿರ ಎಂದೋ ಹೇಳಿಕೊಂಡಿದ್ದಳು, ಅದೂ ಒಂದು ತಪ್ಪು. ಅವನು ಕಂಪ್ಯೂಟರಿನ ಮೈಕು ಮುಚ್ಚಿ ಅವಳ ಮುಖ ನೋಡಿದ.

"ಮತ್ತೆ ಅದೇ ಯೋಚ್ನೆನಾ? ನಮ್ಮನೆ ಕಸ ತಗೊಂಡ್ಹೋಗಿ ಜಪಾನಿಯವರ ಮುಂದೆ ಯಾಕ್ ಸುರೀಬೇಕು ನೀರಜಾ? ಅವ್ನು ಹೊಡ್ದಿದ್ದು ಫ್ಯಾಕ್ಟ್ ತಾನೆ? ನೀನು ಜಸ್ಟ್ ಇಂಟರ್ಪ್ರಿಟರ್."

ಕೃತಿ ಶಾಲೆಯ ಚೀಲ ಬೆನ್ನಿಗೇರಿಸುತ್ತಾ, ಇವತ್ತು ಆ ಲೋಟದ ಅಂಕಲ್ ಗೆಲ್ಲುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂದುಕೊಂಡು ಇವರಿಬ್ಬರೂ ಅವಳೆದುರಿಗೇ ಎಲ್ಲ ಮಾತಾಡಿದ್ದರು. ನೀರಜಾ ಮಗಳ ಮಾಸ್ಕಿನ ದಾರ ಸರಿ ಮಾಡಿ ಕಳಿಸಿದಳು.

ಜಸ್ಟ್ ಇಂಟರ್ಪ್ರಿಟರ್. ಆದರೆ ಆ ತಟ್ಟೆಯನ್ನು ಅವಳು ನೋಡಿದ್ದಳು, ಅದೇ ಸಂಕಟ. ಸೋಂಕು ಬರುವುದಕ್ಕೂ ಮುಂಚಿನ ಸೆಪ್ಟೆಂಬರ್, ಕನ್ನಡದವರೆಲ್ಲ ಬಾಲಸುಬ್ರಹ್ಮಣ್ಯನ ಹೋಟೆಲಿನಲ್ಲಿ ಗಣೇಶನನ್ನು ಕೂರಿಸಿದ್ದರು. ಊಟವಾದ ಮೇಲೆ ಪಾತ್ರೆ ಎತ್ತಿಕೊಡಲು ಅವಳು ಒಳಗೆ ಹೋದಳು. ಹಿಂದಿನ ಓಣಿಯಲ್ಲಿ, ಪಾಯಖಾನೆಯ ಬಾಗಿಲಿಗೆ ತಾಗಿ, ಒಬ್ಬ ಕುಕ್ಕರಗಾಲಿನಲ್ಲಿ ಕೂತು ಕಪ್ಪು ಪ್ಲಾಸ್ಟಿಕ್ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ. ತಟ್ಟೆಯಲ್ಲಿ ಮೀನಿಗೆ, ಉಪ್ಪಿನಕಾಯಿಗೆ, ಅನ್ನಕ್ಕೆ ಎಂದು ಮಾಡಿದ ಗುಳಿಗಳಿದ್ದವು. ಸಾರು ಎಲ್ಲ ಗುಳಿಗಳಿಗೂ ಹರಿದುಹೋಗಿತ್ತು. ಬಾಲಸುಬ್ರಹ್ಮಣ್ಯ ಹಿಂದೆಯೇ ಬಂದು, ಅವನಿಗೂ ಕೇಳುವಷ್ಟು ದನಿಯಲ್ಲಿ, "ಅವನದ್ದೆಲ್ಲ ಬೇರೇನೇ ಇಟ್ಟಿದೀನಿ ಮೇಡಂ, ನೀವೇನೂ ಸಂಕೋಚ ಪಟ್ಕೋಬೇಡಿ" ಎಂದಿದ್ದ. ಅವಳು ಏನು ಹೇಳಿದಳು? ಏನೂ ಇಲ್ಲ. ಅಯ್ಯೋ ಪಾಪ ಎಂದು ಒಂದು ಕಡೆ ಅನ್ನಿಸಿತು, ನಿಜ. ಆದರೆ ಹೇಸಿಗೆ ಹುಟ್ಟಿಸುವ ಸಂಗತಿ ಎಂದರೆ, ಇನ್ನೊಂದು ಕಡೆ, ಹೊಟ್ಟೆಯೊಳಗೆ ಎಲ್ಲೋ, ಸದ್ಯ ಎಂದೂ ಅನ್ನಿಸಿತ್ತು. ಹೊರಗೆ ಬಂದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಿದ್ದಳು. ಗೋಡಂಬಿ ಕಡಿಮೆಯಾಯಿತು ಎಂದು ಅನಸೂಯಾಳಿಗೆ ತಮಾಷೆಯನ್ನೂ ಮಾಡಿದ್ದಳು.

ಆ ಸದ್ಯ ಎನ್ನುವುದು ಜಪಾನಿನಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಚಾಮುಂಡಮ್ಮನಿಗೆಂದು ಹಿತ್ತಿಲ ಕಿಟಕಿಯ ಸಂದಿಯಲ್ಲಿ ಕಂಠ ಸೀಳಿದ ಒಂದು ಲೋಟವಿತ್ತು. ಹತ್ತು ವರ್ಷದ ನೀರಜಾಳ ಕೆಲಸ ಅದಕ್ಕೆ ಕಾಫಿ ಹೊಯ್ಯುವುದು. ಲೋಟಕ್ಕೆ ಪಾತ್ರೆ ತಾಗದ ಹಾಗೆ ಮೇಲಿನಿಂದ, ಒಂದು ಹನಿಯೂ ಚೆಲ್ಲದ ಹಾಗೆ ಹೊಯ್ಯುವುದನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಬಂದವರೆದುರು ಅಮ್ಮ ಹೊಗಳುತ್ತಿದ್ದಳು. ನಿನ್ನ ಕೈ ಎಷ್ಟು ಹದ ಕಣವ್ವ ಎಂದು ಚಾಮುಂಡಮ್ಮನೂ ನಗುತ್ತಿದ್ದಳು. ಆ ನಗು ಈಗ, ಕೋರ್ಟಿನ ಬಾಗಿಲಲ್ಲಿ ಹಣೆಗೆ ಜ್ವರದ ಯಂತ್ರ ಹಿಡಿಸಿಕೊಂಡು ನಿಂತಾಗ, ನೆನಪಾಗಿ ಮೈ ಮುದುರಿತು. ಮೂವತ್ತಾರು ಪಾಯಿಂಟ್ ಎರಡು, ಏನೂ ತೊಂದರೆಯಿಲ್ಲ ಎಂದು ಕಾವಲಿನವನು ಒಳಗೆ ಬಿಟ್ಟ.

ಕೊಸುಗೆಯ ಭೇಟಿಯ ಕೋಣೆಯಲ್ಲಿ ಗಾಜಿನ ನಡುವಿನ ತೂತುಗಳಿಗೂ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಅದರ ಮೇಲೆ ಯಾರದೋ ಉಗುಳಿನ ಕಲೆ ಒಣಗಿತ್ತು. ಆಚೆ ಚಂದ್ರಕಾಂತ, ಈಚೆ ಇವರಿಬ್ಬರು. ಅವತ್ತು ಅವನು ಎಲ್ಲವನ್ನೂ ಕಿತಾಮುರಾರಿಗೆ ಹೊಸದಾಗಿ ಹೇಳಿದ, ಮತ್ತು ಈ ಸಲ ನೀರಜಾ ಎಲ್ಲವನ್ನೂ ಅನುವಾದಿಸಿದಳು. ತಟ್ಟೆ, ಬಾಗಿಲು, ಜಾತಿ, ತಾಯಿಯ ಮೇಲಿನ ಮಾತು. ಕೇಳುತ್ತಿದ್ದವರು ಒಬ್ಬರೇ ಆಗಿದ್ದರಿಂದ ಅಷ್ಟೇನೂ ಕಷ್ಟವಾಗಲಿಲ್ಲ. ಕಿತಾಮುರಾ ಬರೆಯುವುದನ್ನು ನಿಲ್ಲಿಸಿ ಕೆಳಗಿನ ಕೋರ್ಟಿನ ಕಡತವನ್ನು ತಿರುವಿ ನೋಡಿದರು. ಇದು ಕಡತದಲ್ಲಿ ಒಂದು ಸಾಲೂ ಇಲ್ಲ, ಇದನ್ನು ಕೆಳಗಿನ ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ, ಕೇಳಿ ಎಂದರು. ಅವಳು ಕೇಳಿದಳು. ಚಂದ್ರಕಾಂತ ಗಾಜಿಗೆ ಹತ್ತಿರ ಬಂದ.

"ಅಲ್ಲೇ ಹೇಳಿದ್ನಲ್ಲ ಅಕ್ಕ. ಎಲ್ಲಾನೂ ಹೇಳಿದ್ದೆ. ನೀವೇ ಇದ್ರಲ್ಲ."

ಆ ಒಂದು ಮಾತನ್ನು ಜಪಾನೀಸಿಗೆ ತಂದಿದ್ದರೆ ಮುಗಿಯುತ್ತಿತ್ತು. ತಪ್ಪಿಸಲಾಗದ ಕಾರಣ ಎಂದು ಕಾನೂನು ಕೇಳುತ್ತಿದ್ದದ್ದು ಅದನ್ನೇ, ಅದು ಅವಳ ನಾಲಿಗೆಯ ಮೇಲೆ ಕೂತಿತ್ತು. ವಿಚಾರಣೆಯ ಧ್ವನಿಮುದ್ರಿಕೆ ಇರುತ್ತದೆ, ಕಾರಣ ಕೊಟ್ಟರೆ ತೆಗೆದು ಕೇಳುತ್ತಾರೆ. ಆಮೇಲೆ ಪಟ್ಟಿಯಿಂದ ಅವಳ ಹೆಸರು ಹೋಗುತ್ತದೆ, ಓಜಿಮಾ ತುಂಬ ಸುದ್ದಿಯಾಗುತ್ತದೆ, ಸುಳ್ಳು ಅನುವಾದಕ್ಕೆ ಶಿಕ್ಷೆಯೂ ಇದೆ ಎಂದು ಪ್ರಮಾಣದ ದಿನವೇ ಹೇಳಿದ್ದರು. ಇದೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವಳ ತಲೆಯಲ್ಲಿ ಹಾದುಹೋಯಿತು. ಕಿತಾಮುರಾರ ಕಡೆ ತಿರುಗಿ, ಆಗ ಹೇಳಲು ಧೈರ್ಯ ಬರಲಿಲ್ಲ ಎನ್ನುತ್ತಿದ್ದಾರೆ ಎಂದಳು. ಕಿತಾಮುರಾ ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಆಮೇಲೆ, ಕ್ಷಮೆ ಕೇಳುವವರ ಹಾಗೆ, ಅನುವಾದದಲ್ಲಿ ಏನೂ ತೊಂದರೆ ಇರಲಿಲ್ಲ, ಅಲ್ಲವೇ ಎಂದರು. ಅದು ಇಲ್ಲಿಯವರು ಕೇಳುವ ರೀತಿ. ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಟ್ಟೆಯಲ್ಲಿಟ್ಟು ಕೊಡುತ್ತಾರೆ, ಎತ್ತಿಕೊಂಡರೆ ಸಾಕು. ಇರಲಿಲ್ಲ ಎಂದು ಅವಳು ಎತ್ತಿಕೊಂಡಳು. ಪ್ಲಾಸ್ಟಿಕ್ ಹಾಳೆಯ ಆಚೆ ಚಂದ್ರಕಾಂತ ಇಬ್ಬರ ತುಟಿಗಳನ್ನೂ ನೋಡುತ್ತಿದ್ದ, ಮಾಸ್ಕಿನ ಹಿಂದೆ ತುಟಿ ಕಾಣದಿದ್ದರೂ.

ಹೋದ ತಿಂಗಳು ಮೇಲಿನ ಕೋರ್ಟಿನ ವಿಚಾರಣೆ ನಡೆದದ್ದು ಏಳು ನಿಮಿಷ. ಅವಳು ಗಡಿಯಾರ ನೋಡಿದ್ದಳು. ಮೂವರು ನ್ಯಾಯಾಧೀಶರು ಅಕ್ರಿಲಿಕ್ ಹಲಗೆಗಳ ಹಿಂದೆ ಮೂರು ಗೂಡುಗಳಲ್ಲಿ ಕೂತಿದ್ದರು. ಮನವಿಯಲ್ಲಿ ಬರೆದಂತೆಯೇ ತಾನೇ ಎಂದು ಹಿರಿಯ ನ್ಯಾಯಾಧೀಶ ಕೇಳಿದ, ಬರೆದಂತೆಯೇ ಎಂದು ಕಿತಾಮುರಾ ಹೇಳಿದರು. ಆರೋಪಿಯನ್ನು ಹೊಸದಾಗಿ ಪ್ರಶ್ನಿಸಲು ಅನುಮತಿ ಕೇಳಿದರು. ಸರಕಾರಿ ವಕೀಲ, ಅಗತ್ಯವಿಲ್ಲ ಎಂದ. ನ್ಯಾಯಾಧೀಶ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಾಗಿ ಪಿಸುಗುಟ್ಟಿ, ಮೊದಲೇ ಹೇಳಲಾಗದ್ದಕ್ಕೆ ತಕ್ಕ ಕಾರಣ ಕಾಣುವುದಿಲ್ಲ, ತಿರಸ್ಕರಿಸಲಾಗಿದೆ ಎಂದ. ಮುಗಿಯಿತು. ಕೈಕೋಳ ಹಾಕಿ, ಸೊಂಟಕ್ಕೆ ನೀಲಿ ಹಗ್ಗ ಕಟ್ಟಿ ಕರೆತಂದವನನ್ನು ಹಾಗೆಯೇ ಕರೆದೊಯ್ದರು. ಚಂದ್ರಕಾಂತ ಬಾಯಿ ತೆರೆಯುವ ಸಂದರ್ಭವೇ ಬರಲಿಲ್ಲ. ಸದ್ಯ ಎಂದು ಅವತ್ತೂ ಅವಳಿಗೆ ಅನ್ನಿಸಿತ್ತು.

ಇವತ್ತು ಅದೇ ಕೋಣೆ, ಅದೇ ಗೂಡುಗಳು. ಅವಳ ಮೇಜಿನ ಮೇಲೂ ಒಂದು ಹಲಗೆ ನಿಲ್ಲಿಸಿದ್ದರು. ಬಾಲಸುಬ್ರಹ್ಮಣ್ಯ ಬಂದಿರಲಿಲ್ಲ, ಅವನ ಕೆಲಸ ಕೆಳಗೇ ಮುಗಿದಿತ್ತು. ಚಂದ್ರಕಾಂತನ ಕೈಕೋಳ ತೆಗೆದರು. ತಲೆಗೂದಲು ನುಣ್ಣಗೆ ಕತ್ತರಿಸಿದ್ದರಿಂದ ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಅವನು ಅವಳ ಕಡೆ ನೋಡಿ ಕೈ ಮುಗಿದ, ಅಭ್ಯಾಸದಿಂದ. ಅವಳೂ ಅಭ್ಯಾಸದಿಂದ ತಲೆಬಾಗಿದಳು, ಜಪಾನಿಯವರ ಹಾಗೆ. ಹಿರಿಯ ನ್ಯಾಯಾಧೀಶ ಓದತೊಡಗಿದ. ಮೇಲ್ಮನವಿಯನ್ನು ವಜಾ ಮಾಡಲಾಗಿದೆ. ಬಂಧನದಲ್ಲಿ ಕಳೆದ ದಿನಗಳಲ್ಲಿ ಇಷ್ಟನ್ನು ಶಿಕ್ಷೆಯಲ್ಲಿ ಕಳೆಯತಕ್ಕದ್ದು. ಆಮೇಲೆ ಕಾರಣಗಳು. ಒಂದೊಂದು ವಾಕ್ಯ ಓದಿ ಅವನು ನಿಲ್ಲಿಸುತ್ತಿದ್ದ, ಇವಳು ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ದನಿ ಚೆನ್ನಾಗಿತ್ತು, ಸ್ಪಷ್ಟವಾಗಿತ್ತು, ಅದೇ ಅವಳಿಗೆ ಅಸಹ್ಯವಾಗುತ್ತಿತ್ತು. ಮಾಲಿಕ ಜಾತಿಯ ಕಾರಣಕ್ಕೆ ಹೀನಾಯವಾಗಿ ನಡೆಸಿಕೊಂಡನೆಂದು ಮನವಿ ವಾದಿಸುತ್ತದೆ. ಆದರೆ ಆರೋಪಿಗೆ ಕೆಳಗಿನ ವಿಚಾರಣೆಯಲ್ಲಿ ಅನುವಾದಕಿಯ ಮೂಲಕ ಮುಕ್ತವಾಗಿ ಮಾತಾಡುವ ಅವಕಾಶವಿತ್ತು.

ನ್ಯಾಯಾಧೀಶ ನಿಲ್ಲಿಸಿ ಅವಳಿಗಾಗಿ ಕಾದ. ಅವಳು ನೀರು ಕುಡಿಯಬೇಕೆಂದು ಬಾಟಲಿ ಎತ್ತಿದಳು. ಮಾಸ್ಕು ತೆಗೆಯಬೇಕಾಗುತ್ತದೆ ಎಂದು ಇಟ್ಟುಬಿಟ್ಟಳು. ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳು. ಅವಕಾಶವಿತ್ತು ಎಂದಳು. ಹಾಗಿದ್ದೂ ಆತ ಆಗ ಈ ವಿಷಯದ ಒಂದು ಮಾತನ್ನೂ ಆಡಲಿಲ್ಲ, ಆದ್ದರಿಂದ ಇದು ಶಿಕ್ಷೆಯ ನಂತರ ಹೊಳೆದ ನೆಪವೆಂದು ತಿಳಿಯದೆ ವಿಧಿಯಿಲ್ಲ. ಅದನ್ನೂ ಹೇಳಿದಳು, ನೆಪ ಎಂಬ ಪದವನ್ನೂ ಬಿಡದೆ. ಚಂದ್ರಕಾಂತ ನೆಲ ನೋಡಲಿಲ್ಲ. ಹೊಸ ಊರಿನ ದಾರಿ ಕೇಳಿಸಿಕೊಳ್ಳುವವನ ಹಾಗೆ ಅವಳ ಮಾತನ್ನೇ ಗಮನವಿಟ್ಟು ಕೇಳುತ್ತಿದ್ದ. ಹದಿನಾಲ್ಕು ದಿನದೊಳಗೆ ಇನ್ನೂ ಮೇಲಿನ ಕೋರ್ಟಿಗೆ ಹೋಗಬಹುದು ಎಂದು ಹೇಳಿ ನ್ಯಾಯಾಧೀಶ, ಅರ್ಥವಾಯಿತೇ ಎಂದು ಕೇಳಿದ. ಅವಳು ಕೇಳಿದಳು, ಅರ್ಥವಾಯಿತೇ ಎಂದು.

"ಅಲ್ಲೇ ಹೇಳಿದ್ದೆ ಅಂತ ಹೇಳಿ ಅಕ್ಕ," ಅಂದ ಚಂದ್ರಕಾಂತ.

ಅರ್ಥವಾಯಿತು ಎನ್ನುತ್ತಿದ್ದಾರೆ ಎಂದರೆ ಸಾಕಿತ್ತು. ಎರಡು ಶಬ್ದದ ಕೆಲಸ. ಅದು ಬಾಯಿಯ ತನಕ ಬಂದೂ ಬಿಟ್ಟಿತ್ತು, ಅದರ ಜೊತೆಗೇ ಬೆಳಗಿನ ಆ ಹಳಸಿದ ವಾಸನೆ ಮಾಸ್ಕಿನೊಳಗೆ ಎಷ್ಟು ಗಾಢವಾಗಿ ತುಂಬಿಕೊಂಡಿತೆಂದರೆ, ಬಾಯಿ ಮುಚ್ಚಿದರೆ ವಾಂತಿಯಾಗುತ್ತದೆ ಎನ್ನಿಸಿ ಅವಳು ಬಾಯಿ ತೆರೆದಳು. ಜಪಾನೀಸಿನಲ್ಲಿ, ಕೆಳಗಿನ ಕೋರ್ಟಿನಲ್ಲೇ ಹೇಳಿದ್ದೆ ಎನ್ನುತ್ತಿದ್ದಾರೆ, ಎಂದಳು. ಒಂದು ಉಸಿರು ಬಿಟ್ಟು, ಹೇಳಿದ್ದು ನಿಜ, ಅನುವಾದಕಿ ಅದನ್ನು ಬಿಟ್ಟಳು, ನಾನು ಬಿಟ್ಟೆ, ಎಂದಳು.

ಏನೂ ಆಗಲಿಲ್ಲ. ಬರೆಯುತ್ತಿದ್ದ ಗುಮಾಸ್ತೆ ಪೆನ್ನು ಎತ್ತಿ ನ್ಯಾಯಾಧೀಶನನ್ನು ನೋಡಿದಳು. ಬಲಗಡೆಯ ಗೂಡಿನವನು ಎಡಗಡೆಯ ಗೂಡಿನವನನ್ನು ನೋಡಿದ. ಹಿರಿಯವನು, ಬೇಸರವನ್ನೂ ತೋರದೆ, ಆಶ್ಚರ್ಯವನ್ನೂ ತೋರದೆ, ತೀರ್ಪು ಈಗಾಗಲೇ ಹೇಳಿಯಾಗಿದೆ, ಆಕ್ಷೇಪಗಳಿದ್ದರೆ ವಕೀಲರೊಂದಿಗೆ ಚರ್ಚಿಸಿ ಹದಿನಾಲ್ಕು ದಿನದೊಳಗೆ ಸಲ್ಲಿಸಬಹುದು ಎಂದ. ಎಲ್ಲರೂ ಎದ್ದರು, ಬಾಗಿದರು. ಗುಮಾಸ್ತೆ ಪೆನ್ನಿನ ಮುಚ್ಚಳ ಹಾಕಿದಳು. ಅವಳು ಏನನ್ನೂ ಬರೆದಿರಲಿಲ್ಲ.

ಚಂದ್ರಕಾಂತ ಮಾತ್ರ ಕೂತೇ ಇದ್ದ. ಏನು ಹೇಳಿದಿರಿ ಎಂದು ಕೇಳಿದ. ಜಪಾನೀಸಿನಲ್ಲಿ ಹೇಳುವಾಗ ಅದು ಒಂದು ಹೇಳಿಕೆಯಾಗಿತ್ತು. ಕನ್ನಡದಲ್ಲಿ ಅದನ್ನು ಹಲಗೆಯ ಹಿಂದೆ ನಿಂತು ಹೇಳಲಾಗುತ್ತಿರಲಿಲ್ಲ. ಅಕ್ರಿಲಿಕ್ ಹಲಗೆಯ ಪಕ್ಕಕ್ಕೆ ಬಂದು ನಿಂತಳು.

"ಅವತ್ತು ನೀವು ಹೇಳಿದ್ದನ್ನ ನಾನು ಹೇಳ್ಲಿಲ್ಲ. ತಟ್ಟೆದು, ಜಾತಿದು, ನಿಮ್ಮ ತಾಯಿದು, ಯಾವುದನ್ನೂ ಹೇಳ್ಲಿಲ್ಲ. ನಂಗೆ ನಾಚಿಕೆ ಆಯ್ತು. ಕೊಸುಗೆಲೂ ಸುಳ್ಳು ಹೇಳಿದೆ."

"ಗೊತ್ತಿತ್ತು ಅಕ್ಕ," ಎಂದ ಅವನು, ಸಿಟ್ಟಿಲ್ಲದೆ. "ನಾನು ಅಷ್ಟು ಹೊತ್ತು ಹೇಳಿದ್ದು ನಿಮ್ಮ ಬಾಯಲ್ಲಿ ಎರಡೇ ಮಾತಾಯ್ತು. ಭಾಷೆ ಬರ್ದೆ ಇದ್ರೂ ಉದ್ದ ಗೊತ್ತಾಗಲ್ವಾ? ಗಣೇಶನ ದಿನ ನೀವು ಆ ತಟ್ಟೆ ನೋಡಿದ್ರಲ್ಲ, ನೋಡಿರೋರು ಹೇಳ್ತಾರೆ ಅಂದ್ಕೊಂಡಿದ್ದೆ. ಕೊಸುಗೆಲಿ ಇನ್ನೊಂದ್ಸಲ ಹೇಳಿ ನೋಡಿದೆ."

ಅಷ್ಟರಲ್ಲಿ ಕಿತಾಮುರಾ ಕಡತಗಳನ್ನು ತೋಳಿಗೆ ಒತ್ತಿಕೊಂಡು ಬಂದರು. ಅವರ ಹಣೆ ಬೆವರಿತ್ತು. ಅವಳನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೇಲಿನ ಕೋರ್ಟಿನ ಮೇಲೂ ಒಂದು ಮೆಟ್ಟಿಲಿದೆ ಎನ್ನುವ ಹಾಗೆ ಬೆರಳನ್ನು ಚಾವಣಿಯ ಕಡೆ ತೋರಿಸುತ್ತಾ, ಅಲ್ಲಿ ಇನ್ನೂ ಕಡಿಮೆ ಕೇಳುತ್ತಾರೆ, ಆದರೂ ಧ್ವನಿಮುದ್ರಿಕೆ ತೆಗೆಸೋಣ, ನೀವು ಲಿಖಿತವಾಗಿ ಕೊಡಿ, ತೀರಾ ದೊಡ್ಡ ಅನ್ಯಾಯವೆಂದು ಕಂಡರೆ ಅವರೂ ಒಮ್ಮೊಮ್ಮೆ ತೀರ್ಪು ರದ್ದು ಮಾಡಿದ್ದಿದೆ, ಇದನ್ನು ಅವರಿಗೆ ಹೇಳಿ, ಈಗಲೇ ಹೇಳಿ ಎಂದರು. ನೀರಜಾ ಎಲ್ಲವನ್ನೂ ಹೇಳಿದಳು. ಬರೆದುಕೊಡುತ್ತೇನೆ ಎಂದು ತನ್ನದನ್ನೂ ಸೇರಿಸಿದಳು. ಕಾವಲಿನವರು ಚಂದ್ರಕಾಂತನನ್ನು ಎಬ್ಬಿಸಿ ಕೈಕೋಳ ಹಾಕುತ್ತಿದ್ದರು, ಒಬ್ಬ ಸೊಂಟದ ಹಗ್ಗ ಬಿಗಿಯುತ್ತಿದ್ದ. ಹಗ್ಗಕ್ಕೆ ಅನುಕೂಲವಾಗಲೆಂದು ಅವನು ತಾನೇ ಕೈ ಸ್ವಲ್ಪ ಎತ್ತಿದ.

"ಬೇಡ ಅಕ್ಕ," ಎಂದ. "ಇನ್ನೆರಡು ವರ್ಷ ತಾನೆ, ಇರ್ತೀನಿ. ಮೇಲಕ್ಕೆ ಹೋದ್ರೂ ನೀವೇ ಅಲ್ವಾ ಬರೋದು?"

ಅವನನ್ನು ಕರೆದೊಯ್ದರು. ಬಾಗಿಲು ಮುಚ್ಚುವ ಮುಂಚೆ ಕಿತಾಮುರಾ ಅವಳ ತೋಳು ಹಿಡಿದು, ಆ ವರ್ಷದಲ್ಲಿ ಯಾರೂ ಯಾರನ್ನೂ ಮುಟ್ಟದಿದ್ದರೂ ಹಿಡಿದು, ಏನೆಂದರು ಎಂದು ಕೇಳಿದರು. ನೀರಜಾ ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು. ಅವನು ಹೇಳಿದ್ದನ್ನು, ಬೇಡ ಎಂದದ್ದರಿಂದ ನೀವೇ ಅಲ್ವಾ ಬರೋದು ಎಂದದ್ದರವರೆಗೆ, ಒಂದು ಪದವನ್ನೂ ಬಿಡದೆ, ಜಪಾನೀಸಿನಲ್ಲಿ ಹೇಳಿದಳು.